ಹಗ್ಗ ಎಳೆದವರು ಯಾರು

ಬೆಲ್ಟು ನಿಂತಾಗ ಅವಳಿಗೆ ಖುಷಿಯೇ ಆಯಿತು. ಕೆಲಸಕ್ಕೆ ಸೇರಿದ ಮೂರು ದಿನದಲ್ಲಿ ಆ ಸದ್ದು ಒಂದು ಗಳಿಗೆಯೂ ಬಿಡುವು ಕೊಟ್ಟಿರಲಿಲ್ಲ. ಕಲ್ಲಿದ್ದಲನ್ನು ಹೊತ್ತು ವಿದ್ಯುತ್ ಸ್ಥಾವರದ ಅಂಗಳದಿಂದ ಬಾಯ್ಲರಿನವರೆಗೆ ಮುಕ್ಕಾಲು ಕಿಲೋಮೀಟರು ಏರುವ ರಬ್ಬರಿನ ಬೆಲ್ಟು ಅದು. ಅದರ ಕೆಳಗೆ ಉದುರಿದ ಪುಡಿಯನ್ನು ಬಳಿದು ಬುಟ್ಟಿಗೆ ತುಂಬುವುದು ಅವಳ ಕೆಲಸ. ಊಟಕ್ಕೆ ಬಿಟ್ಟಿರಬೇಕು ಅಂದುಕೊಂಡು, ಒಣಗಲು ಹಾಕಿದ್ದ ಟವೆಲ್ಲನ್ನು ಹಗ್ಗದಿಂದ ತೆಗೆದು ತಲೆಗೆ ಸುತ್ತಿಕೊಂಡಳು, ಬುತ್ತಿ ಬಿಚ್ಚಿದಳು.

ಎರಡು ತುತ್ತು ಒಳಗೆ ಹೋಗುವಷ್ಟರಲ್ಲಿ ಮೇಸ್ತ್ರಿ ಓಡಿ ಬಂದ. ಏದುಸಿರು ಬಂದಾಗ ಮೂಗು ಸಿಳ್ಳೆ ಹಾಕುವುದರಿಂದ ಅವನಿಗೆ ಎಲ್ಲರೂ ಇಟ್ಟ ಹೆಸರು ಪೀಪಿ. ಹಿಂದೆ ಇಂಜಿನಿಯರು, ಅವರ ಹಿಂದೆ ಅಲ್ಲೇ ಕೆಲಸಕ್ಕಿದ್ದ ಅವಳ ಚಿಕ್ಕಮ್ಮ. ಈ ಕೆಲಸ ಕೊಡಿಸಿದ್ದೇ ಚಿಕ್ಕಮ್ಮ. ಹುಡುಗಿಗೆ ಬಾಯಿಲ್ಲ, ಕೈ ಮಾತ್ರ ಇದೆ ಎಂದು ಮೇಸ್ತ್ರಿಯ ಮುಂದೆ ನಾಲ್ಕು ಸಲ ಹೊಗಳಿ ಬಂದಿದ್ದಳು.

"ಹಗ್ಗ ಎಳೆದಿದ್ದು ಯಾರು?" ಎಂದರು ಇಂಜಿನಿಯರು.

ಅವಳ ಕೈ ಬುತ್ತಿಯಲ್ಲೇ ನಿಂತಿತು. ಬೆಲ್ಟಿನ ಪಕ್ಕಕ್ಕೆ ಸೊಂಟದೆತ್ತರದಲ್ಲಿ ಬಿಗಿದ ಹಗ್ಗ; ಬಟ್ಟೆ ಒಣಗಿಸಲಿಕ್ಕೇ ಹುಟ್ಟಿದಂತಿತ್ತು. ಧೂಳು ಅಡಗಿಸಲು ಎರಚುವ ನೀರಿನಲ್ಲಿ ಟವೆಲ್ಲು ತೊಯ್ದಿತ್ತು. ಅದರ ಮೇಲೆ ಹಾಕಿದ್ದಳು, ಸುಕ್ಕು ಬಿಡಿಸಲು ಒಂದು ಸಲ ಜಗ್ಗಿದ್ದಳು. ಯಂತ್ರ ಮುಟ್ಟಬೇಡ ಎಂದು ಚಿಕ್ಕಮ್ಮ ಹೇಳಿದ್ದು ನಿಜ. ಅವಳು ಯಾವ ಯಂತ್ರವನ್ನೂ ಮುಟ್ಟಿರಲಿಲ್ಲ.

ಮಾತು ಮಾತಿನಲ್ಲಿ ಅವಳಿಗೆ ಅರ್ಥವಾಗುತ್ತ ಬಂತು. ಬೆಲ್ಟಿಗೆ ಯಾರಾದರೂ ಸಿಕ್ಕಿಕೊಂಡರೆ ನಿಲ್ಲಿಸಲು ಇರುವ ಹಗ್ಗವಂತೆ. ಯಾರು ಎಳೆದರು, ಯಾಕೆ ಎಳೆದರು ಎಂದು ತಿಳಿಯದೆ ಬೆಲ್ಟು ಮತ್ತೆ ಬಿಡುವಂತಿಲ್ಲವಂತೆ. ಅಷ್ಟರಲ್ಲಿ ತಲೆ ಎಣಿಸಿದ ಮೇಸ್ತ್ರಿ, ಬೆಲ್ಟಿನ ಬಳಿ ಕೆಲಸಕ್ಕಿದ್ದ ವೆಲ್ಡರ್ ಕಾಣುತ್ತಿಲ್ಲ ಎಂದ. ಇಂಜಿನಿಯರ ಮುಖದ ಬಣ್ಣ ಇಳಿಯಿತು. ಬೆಲ್ಟಿನ ಕೊನೆಯಲ್ಲಿ ಬಿದ್ದಿರುವ ಕಲ್ಲಿದ್ದಲನ್ನೆಲ್ಲ ಸಲಿಕೆಯಲ್ಲಿ ತೆಗೆದು ನೋಡಿ ಎಂದರು. ಹತ್ತು ಹದಿನೈದು ಜನ ಸಲಿಕೆ ಹಿಡಿದು ಬಂದರು.

ಗೋಡೆಯ ಫೋನು ಬಡಿದುಕೊಂಡಿತು. ಬಾಯ್ಲರಿನ ಮೇಲಿನ ತೊಟ್ಟಿಯಲ್ಲಿ ಇನ್ನು ಐದು ತಾಸಿಗಾಗುವಷ್ಟೇ ಕಲ್ಲಿದ್ದಲಿದೆ, ಹೊತ್ತು ಮುಳುಗಿದರೆ ಬಿಸಿಲಿನ ಕರೆಂಟೂ ಇರುವುದಿಲ್ಲ, ನಾಲ್ಕು ಜಿಲ್ಲೆ ನಮ್ಮನ್ನೇ ನಂಬಿಕೊಂಡಿವೆ ಎಂದು ಕಂಟ್ರೋಲ್ ರೂಮಿನವರು ಕೂಗುವುದು ಅವಳಿಗೂ ಕೇಳಿಸಿತು. ಇಂಜಿನಿಯರು ಒಂದೇ ಮಾತು ಹೇಳಿದರು: "ಮನುಷ್ಯ ಸಿಗೋವರೆಗೂ ಬೆಲ್ಟು ಬಿಡಲ್ಲ."

ಬಾಯಿ ಬಿಟ್ಟರೆ ಕೆಲಸ ಹೋಯಿತು, ಚಿಕ್ಕಮ್ಮನ ಮಾನವೂ ಹೋಯಿತು. ಸುಮ್ಮನಿದ್ದರೆ ಇಲ್ಲದ ಹೆಣಕ್ಕಾಗಿ ಇಷ್ಟು ಜನ ಸಂಜೆಯವರೆಗೆ ಅಗೆಯಬೇಕು. ಅವಳು ಎದ್ದು ಟವೆಲ್ಲು ಬಿಚ್ಚಿ ಮುಂದೆ ಹಿಡಿದಳು.

"ನಾನೇ ಸಾರ್. ಇದನ್ನ ಒಣಗಿಸೋಕೆ ಹಾಕಿದ್ದೆ."

ಚಿಕ್ಕಮ್ಮ ತಲೆಯ ಮೇಲೆ ಕೈ ಹೊತ್ತಳು. ಇಂಜಿನಿಯರು ಟವೆಲ್ಲನ್ನೂ ಹಗ್ಗವನ್ನೂ ಎರಡೆರಡು ಸಲ ನೋಡಿದರು.

"ಮತ್ತೆ ವೆಲ್ಡರ್ ಎಲ್ಲಿ?"

"ಇಲ್ಲೇ ಇದ್ದೀನಲ್ಲ ಸಾರ್," ಎಂದ ಸಲಿಕೆ ಹಿಡಿದವರಲ್ಲೊಬ್ಬ. ಮುಖವೆಲ್ಲ ಮಸಿ, ಹಲ್ಲು ಮಾತ್ರ ಬಿಳಿ. "ಯಾರೋ ಬಿದ್ದೋಗಿದಾರೆ ಅಂದ್ರು. ಪಾಪ, ಹುಡುಕೋಣ ಅಂತ ಬಂದೆ."

ಮೊದಲು ನಕ್ಕಿದ್ದು ಚಿಕ್ಕಮ್ಮ. ಆಮೇಲೆ ಯಾರು ನಗಲಿಲ್ಲ ಎಂದು ಹೇಳುವುದೇ ಕಷ್ಟ. ಇಂಜಿನಿಯರು ಕಣ್ಣೊರೆಸಿಕೊಂಡು ಮೇಸ್ತ್ರಿಯ ಕಡೆ ತಿರುಗಿದರು. ಮೂರು ದಿನದಲ್ಲಿ ಈ ಹಗ್ಗ ಏನೆಂದು ಹುಡುಗಿಗೆ ಯಾರಾದರೂ ಹೇಳಿದ್ದೀರಾ ಎಂದು ಕೇಳಿದರು. ಪೀಪಿಯ ಮೂಗು ಒಂದು ಸಲ ಸಿಳ್ಳೆ ಹಾಕಿತು. "ನಾಳೆ ಬೆಳಿಗ್ಗೆ ಬಂದ ತಕ್ಷಣ ಇವಳಿಗೆ ಎಲ್ಲ ತೋರಿಸಿ," ಎಂದರು. ನಾಳೆ ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳು ಟವೆಲ್ಲನ್ನು ಮತ್ತೆ ತಲೆಗೆ ಸುತ್ತಿಕೊಂಡಳು.

ಆಮೇಲೆ ಅವರು ಫೋನನ್ನು ಅವಳ ಕೈಗೆ ಕೊಟ್ಟರು. ಎಳೆದವರೇ ಹೇಳಬೇಕು, ಅದೇ ನಿಯಮ. ಅವಳು ಹೇಳಿದ್ದು ಉಸಿರಿಗಿಂತ ಸಣ್ಣಗಿತ್ತು. ಆ ಕಡೆಯವರು, ಯಾರಮ್ಮಾ, ಕೇಳಿಸ್ತಿಲ್ಲ ಎಂದರು.

ಅವಳು ಗಂಟಲು ಸರಿಮಾಡಿಕೊಂಡಳು. "ಯಾರೂ ಸಿಕ್ಕಿಕೊಂಡಿಲ್ಲ. ಬೆಲ್ಟು ಬಿಡಿ."

ಸೈರನ್ ಕೂಗಿತು. ಬೆಲ್ಟು ಒಮ್ಮೆ ನಡುಗಿ ಹೊರಟಿತು. ನೀರಿಗೆ ಮಿರುಗುವ ಒಂದು ದೊಡ್ಡ ಕಲ್ಲಿದ್ದಲ ಹೆಂಟೆ ಅವಳ ಭುಜದ ಪಕ್ಕದಿಂದ ಮೆಲ್ಲಗೆ ಹಾದು, ಏರಿ ಏರಿ ಸಣ್ಣದಾಗುತ್ತ ಹೋಯಿತು. ಅದು ಕಣ್ಮರೆಯಾಗುವವರೆಗೂ ಅವಳು ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತಿದ್ದಳು.