ಎರಡೂವರೆ ಕಿಲೋ ತಪ್ಪು

ನನ್ನ ಪ್ರೋಗ್ರಾಮು ಪ್ರತಿ ಡ್ರಮ್ಮಿಗೆ ಎರಡೂವರೆ ಕಿಲೋ ನುಂಗುತ್ತದೆ ಎಂದು ಆ ಮನುಷ್ಯ ಎಲ್ಲರೆದುರು ಹೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಈ ಬಣ್ಣದ ಕಾರ್ಖಾನೆಯಲ್ಲಿ ಡ್ರಮ್ಮಿನಲ್ಲಿರುವ ಬಿಳಿಗೆ ಯಾವ ಬಣ್ಣ ಎಷ್ಟು ಸೇರಬೇಕು ಎಂದು ಇಪ್ಪತ್ತೊಂಬತ್ತು ವರ್ಷಗಳಿಂದ ಹೇಳುತ್ತಿರುವುದು ಅದೇ ಪ್ರೋಗ್ರಾಮು. ಬರೆದವಳು ನಾನು. ಕಪ್ಪು ಪರದೆ, ಹಸಿರು ಅಕ್ಷರ, ನೋಡಲು ಚೆಂದವಿಲ್ಲ, ಒಪ್ಪುತ್ತೇನೆ. ಆದರೆ ಒಂದು ದಿನವೂ ಕೈಕೊಟ್ಟಿಲ್ಲ.

ಆ ಮನುಷ್ಯ ಹೊಸ ಸಿಸ್ಟಂ ಹಾಕಲು ಬಂದ ಕಂಪನಿಯವನು. ನಲವತ್ತು ದಾಟಿದೆ. ಕಣ್ಣಿಗೆ ಬಿದ್ದದ್ದನ್ನೆಲ್ಲ ಪಟ್ಟಿ ಮಾಡುವ ಚಟ ನೋಡಿ ನಾನೇ ಅವನಿಗೆ ಪಟ್ಟಿಯಪ್ಪ ಎಂದು ಹೆಸರಿಟ್ಟಿದ್ದೆ. ಎರಡು ಸಿಸ್ಟಮ್ಮಿಗೂ ಒಂದೇ ತೂಕ ಕೊಟ್ಟು ಉತ್ತರ ಹೋಲಿಸಿದ್ದ. ಹೊಸದು ಖಾಲಿ ಡ್ರಮ್ಮಿನ ತೂಕ ಕಳೆದು, ಒಳಗೆ ಎಷ್ಟು ಬಿಳಿ ಇದೆ ಎಂದು ಹೇಳುತ್ತದೆ. ನನ್ನದು ಅದರ ಮೇಲೆ ಇನ್ನೂ ಎರಡೂವರೆ ಕಿಲೋ ಕಳೆಯುತ್ತದೆ.

"ಅಂದ್ರೆ ಇಷ್ಟು ವರ್ಷ ನಾವು ತಪ್ಪು ಬಣ್ಣ ಕಲಸಿದ್ವಾ?" ಎಂದರು ಮ್ಯಾನೇಜರ್. "ಯಾಕೆ ಕಳೀತಿದೆ ಮೇಡಂ ಅದು?"

ನನಗೆ ಗೊತ್ತಿರಲಿಲ್ಲ. ಅವಮಾನ ಆದದ್ದು ಅಲ್ಲಿ. ಶನಿವಾರದೊಳಗೆ ಕಾರಣ ಹೇಳಿ, ಇಲ್ಲದಿದ್ದರೆ ಸೋಮವಾರ ಹಳೆಯದನ್ನು ಬಂದ್ ಮಾಡುತ್ತೇವೆ ಎಂದು ಅವರು ಮೀಟಿಂಗ್ ಮುಗಿಸಿದರು.

ಮನೆಗೆ ಬಂದು ನಡೆದದ್ದು ಹೇಳುತ್ತ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ನನ್ನ ಗಂಡ ಟೈಲರ್. ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಕೇಳಿದರು, "ಆ ಕಂಪನಿಯವ್ರಿಗೆ ಪ್ರೋಗ್ರಾಮಿನ ಒಳಗೆಲ್ಲ ತೋರಿಸಿದ್ಯಾ?"

"ನಾನ್ಯಾಕೆ ತೋರಿಸ್ಲಿ?"

"ಹಳೇ ಕೋಟು ಸರಿ ಮಾಡೋಕೆ ಬಂದ್ರೆ ನಾನು ಮೊದ್ಲು ಒಳಗಿನ ಬಟ್ಟೆ ಬಿಚ್ತೀನಿ. ಹೊಲಿದವನು ಏನ್ ಮಾಡಿದಾನೆ ಅಂತ ಆಗ್ಲೇ ಗೊತ್ತಾಗೋದು. ಹಾಗೆ ಬಿಚ್ಚಿದ್ರಿಂದ್ಲೇ ಎಷ್ಟೋ ಕೋಟು ಉಳ್ಕೊಂಡಿವೆ."

ಮಾತು ಸರಿಯಾಗಿತ್ತು. ನಾನು ಇಷ್ಟು ವರ್ಷ ಒಬ್ಬರಿಗೂ ಪ್ರೋಗ್ರಾಮಿನ ಒಳಗು ತೋರಿಸಿದವಳಲ್ಲ. ಜಂಬ ಒಂದು ಪಾಲಾದರೆ ಹೆದರಿಕೆ ಮೂರು ಪಾಲು. ಇಪ್ಪತ್ತಾರು ವರ್ಷದ ಹುಡುಗಿ ಅವಸರದಲ್ಲಿ ಬರೆದದ್ದು ಅದು. ಯಾವ ಸಾಲು ಯಾಕೆ ಎಂದು ಎಲ್ಲಿಯೂ ಟಿಪ್ಪಣಿಯಿಲ್ಲ.

ಮರುದಿನ ಪಟ್ಟಿಯಪ್ಪನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತೆ. "ನೋಡಿ, ನಗೋ ಹಾಗಿದ್ರೆ ಈಗ್ಲೇ ನಕ್ಕುಬಿಡಿ" ಎಂದೆ. ಅವನು ನಗಲಿಲ್ಲ. ಎರಡು ದಿನ ಒಂದೊಂದೇ ಸಾಲು ಓದಿದೆವು. ನೀಲಿಗೆ ಮಾತ್ರ ಕಲಸುವ ಹೊತ್ತು ನಾಲ್ಕು ನಿಮಿಷ ಹೆಚ್ಚಿಟ್ಟಿದ್ದೆ. ಚಳಿ ಜಾಸ್ತಿಯಿದ್ದರೆ ಕೆಂಪಿನ ಲೆಕ್ಕವೇ ಬೇರೆ. "ಇದ್ಯಾಕೆ ಅಕ್ಕ?" ಎಂದು ಕೇಳುತ್ತಿದ್ದ. ಮೇಡಂ ಹೋಗಿ ಅಕ್ಕ ಆದದ್ದನ್ನು ಗಮನಿಸಿದೆ, ಗಮನಿಸದವಳಂತೆ ಇದ್ದೆ. ಹಲವಕ್ಕೆ ಕಾರಣ ನೆನಪಾಯಿತು. ಎರಡೂವರೆ ಕಿಲೋದ ಸಾಲು ಮಾತ್ರ ಬಾಯಿಬಿಡಲಿಲ್ಲ.

"ಇಲ್ಲಿ ಕೂತ್ರೆ ಆಗಲ್ಲ, ಕೆಳಗೆ ಹೋಗಿ ನೋಡೋಣ ಬನ್ನಿ" ಎಂದು ಶುಕ್ರವಾರ ಬೆಳಗ್ಗೆ ಅವನೇ ಎದ್ದ.

ತೂಕದ ಯಂತ್ರದ ಬಳಿ ನಿಂತೆವು. ಬಣ್ಣ ಕಲಸುವವನು ಗಾಡಿಯಲ್ಲಿ ಡ್ರಮ್ಮು ತಂದ, ತೂಗಿದ, ಅಂಕಿ ಒತ್ತಿದ, ಕಲಸುವ ಕೋಣೆಗೆ ತಳ್ಳಿಕೊಂಡು ಹೋದ. ಅಲ್ಲಿ ಕಬ್ಬಿಣದ ಬಳೆ ಸಡಿಲಿಸಿ ಮುಚ್ಚಳ ತೆಗೆದ.

"ಮುಚ್ಚಳ ತೆಗೆದು ತೂಗಲ್ವಾ?" ಎಂದ ಪಟ್ಟಿಯಪ್ಪ.

"ಅಯ್ಯೋ, ಅಲ್ಲಿ ತೆಗೆಯೋದಾ ಸಾರ್? ಪಕ್ಕದಲ್ಲೇ ಪುಡಿ ಅರೀತಾರೆ. ಧೂಳೆಲ್ಲ ಒಳಗೆ ಬೀಳಲ್ವಾ?"

"ಹೋದ ವಾರ ಕೇಳ್ದಾಗ ಹೇಳ್ಲೇ ಇಲ್ವಲ್ಲ?"

"ಹೇಗೆ ತೂಗ್ತೀಯ ಅಂದ್ರಿ. ಯಾವಾಗ್ಲೂ ತೂಗೋ ಹಾಗೆ ಅಂದೆ."

ನನಗೆ ದೊಡ್ಡಣ್ಣನ ಗುಡುಗು ಕಿವಿಯಲ್ಲೇ ಕೇಳಿಸಿತು. ಆಗಿನ ಮೇಸ್ತ್ರಿ ಅವನು, ಈಗಿಲ್ಲ. ನಾನು ಸೇರಿದ ವರ್ಷ, ತೂಗುವಲ್ಲಿ ಡ್ರಮ್ಮು ತೆರೆದ ಒಬ್ಬನನ್ನು ಅಟ್ಟಾಡಿಸಿ ಬೈದು, ನೇರ ನನ್ನ ಮೇಜಿಗೆ ಬಂದಿದ್ದ. "ಮುಚ್ಚಳ, ಬಳೆ ಸೇರಿ ಎರಡೂವರೆ ಕಿಲೋ. ಇವ್ರಿಗೆ ಹೇಳಿದ್ರೆ ತಲೆಗೆ ಹತ್ತಲ್ಲ, ನಿನ್ನ ಡಬ್ಬಿಗೇ ಕಳೆಯೋಕೆ ಹೇಳಮ್ಮ." ನಾನು ಕಳೆದೆ, ಮರೆತೆ. ಪಟ್ಟಿಯಪ್ಪನಿಗೆ ಅಲ್ಲೇ ನಿಂತು ಎಲ್ಲ ಹೇಳಿದೆ.

ಅವತ್ತೇ ಆಸ್ಪತ್ರೆಯೊಂದರ ಗೋಡೆಗೆ ತಿಳಿಹಳದಿ ಬೇಕಿತ್ತು. ವ್ಯತ್ಯಾಸ ಎದ್ದು ಕಾಣಲಿ ಎಂದು ತಳ ಕಾಣುತ್ತಿದ್ದ ಎರಡು ಡ್ರಮ್ಮು ತಂದು, ಒಂದನ್ನು ನನ್ನ ಲೆಕ್ಕದಲ್ಲಿ, ಇನ್ನೊಂದನ್ನು ಹೊಸದರ ಲೆಕ್ಕದಲ್ಲಿ ಕಲಸಿಸಿದೆವು. ಹೊಸದು ಮುಚ್ಚಳವನ್ನೂ ಬಿಳಿ ಎಂದೇ ತಿಳಿದು ಹಳದಿ ಹೆಚ್ಚು ಸುರಿಸಿತು. ಮ್ಯಾನೇಜರ್ ಎರಡನ್ನೂ ಹಲಗೆಗೆ ಬಳಿಸಿ, ಮಾದರಿ ಕಾರ್ಡಿನ ಪಕ್ಕ ಕಿಟಕಿಯ ಬೆಳಕಿಗೆ ಹಿಡಿದರು. ನನ್ನದು ಕಾರ್ಡಿನಲ್ಲಿ ಬೆರೆತುಹೋಯಿತು. ಇನ್ನೊಂದಕ್ಕೆ, ನನ್ನ ಕಣ್ಣಿಗಂತೂ, ಕಾಮಾಲೆ ಬಂದಿತ್ತು. ಎದೆ ಉಬ್ಬಿತು ಎಂದು ಹೇಳಲು ನನಗೇನೂ ಸಂಕೋಚವಿಲ್ಲ.

"ಸರಿ, ಹೊಸದಕ್ಕೂ ಆ ಸಾಲು ಸೇರ್ಸಿಬಿಡಿ, ಮುಗೀತಲ್ಲ" ಎಂದರು ಮ್ಯಾನೇಜರ್.

ಅಂದರೆ ಸೋಮವಾರ ನನ್ನದು ಬಂದ್. ಆದರೆ ಪಟ್ಟಿಯಪ್ಪ ತಲೆಯಾಡಿಸಿದ.

"ಮುಗಿಯಲ್ಲ ಸಾರ್. ಇಂಥ ಸಾಲು ಮುನ್ನೂರ ಹನ್ನೆರಡಿದೆ, ಎಣಿಸಿದೀನಿ. ಯಾವ್ದು ತಪ್ಪು, ಯಾವ್ದು ದೊಡ್ಡಣ್ಣ ಹೇಳಿದ್ದು ಅಂತ ನನಗೆ ಗೊತ್ತಾಗಲ್ಲ. ಕಿತ್ತು ಹಾಕೋದು ಬೇಡ. ಒಳಗಿನ ಲೆಕ್ಕ ಹೀಗೇ ಇರ್ಲಿ. ಹೊಸ ಪರದೆ ಹಾಕೋಣ, ತೂಕದ ಯಂತ್ರಾನ ನೇರವಾಗಿ ಜೋಡಿಸೋಣ, ಒಂದೊಂದೇ ಸಾಲಿಗೆ ಕಾರಣ ಬರೆದಿಡೋಣ. ಅಕ್ಕ ಮುಂದೆ ನಿಲ್ಲಲಿ, ನಾನು ಅವರ ಕೈಕೆಳಗೆ ಕೆಲಸ ಮಾಡ್ತೀನಿ."

ತಾನು ತಂದ ಸಿಸ್ಟಮ್ಮನ್ನು ತಾನೇ ಬೇಡವೆಂದವನ ಮುಖ ನೋಡಿದೆ. ಅಡ್ಡಹೆಸರಿಟ್ಟದ್ದಕ್ಕೆ ನಾಚಿಕೆಯಾಯಿತು. ಹೆಸರನ್ನೇನೂ ಬದಲಿಸಲಿಲ್ಲ.

ಮ್ಯಾನೇಜರ್ ಒಪ್ಪಿ ಏಳು ತಿಂಗಳಾಯಿತು. ಕೆಳಗೆ ಈಗ ಬೆರಳಿನಿಂದ ಮುಟ್ಟುವ ಪರದೆಯಿದೆ, ಅದರ ಹಿಂದೆ ನನ್ನ ಹಳೆಯ ಲೆಕ್ಕವೇ ಓಡುತ್ತದೆ. ಪ್ರತಿ ಸಾಲಿಗೂ ಕಾರಣವೇನು, ಹೇಳಿದವರು ಯಾರು ಎಂದು ಎರಡು ಖಾನೆ ಮಾಡಿದ್ದೇವೆ. ದೊಡ್ಡಣ್ಣನ ಹೆಸರನ್ನು ನೂರಾರು ಕಡೆ ಬರೆದೆ. ನಿನ್ನೆ ಪಟ್ಟಿಯಪ್ಪ ಕೇಳಿದ, "ಅಕ್ಕ, ನಲವತ್ತು ಸಾಲಿಗೆ ಹೆಸರೇ ಇಲ್ವಲ್ಲ. ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ನನಗೇ ಹೊಳೆದಿದ್ದು."

"ಹಾಗಾದ್ರೆ ನಿಮ್ಮ ಹೆಸ್ರೇ ಬರೀರಿ."

ಇಷ್ಟು ವರ್ಷದಲ್ಲಿ ಆ ಪ್ರೋಗ್ರಾಮಿನ ಒಳಗೆ ಎಲ್ಲಿಯೂ ನನ್ನ ಹೆಸರಿರಲಿಲ್ಲ. ಒಂದು ಸಲ ಬರೆದು ಉಳಿದ ಕಡೆಗೆಲ್ಲ ನಕಲು ಮಾಡಿ ಅಂಟಿಸಬಹುದಿತ್ತು. ನಾನು ನಲವತ್ತು ಸಲವೂ ಒಂದೊಂದೇ ಅಕ್ಷರ ಒತ್ತಿ ಬರೆದೆ.