ಸಾಲಮಾಂಕಾದ ಹೊಸ ಪಾತೇಲಿ

ಶೈಲಾಳ ಹೆಸರಿದ್ದ ಚೀಟಿ ದೇವರ ಮುಂದಿನ ತಾಟಿನಲ್ಲೇ ಉಳಿಯಿತು. ಕೆಳಗಿನ ಮನೆಯ ಮೂರು ವರ್ಷದ ಕೂಸು ಎತ್ತಿದ್ದು ಶೀತಲ್‌ಳ ಚೀಟಿಯನ್ನು. ಎತ್ತಿ ಬಾಯಿಗೆ ಹಾಕಿಕೊಳ್ಳಲು ಹೊರಟಿದ್ದ ಕೂಸಿನ ಕೈಯಿಂದ ಅದನ್ನು ಬಿಡಿಸಿಕೊಂಡು ಮಲಕಪ್ಪಜ್ಜ ಓದಿದ. "ಮುಗೀತು. ಬಸವಣ್ಣ ಹೇಳಿಬಿಟ್ಟ. ಸ್ಪೇನಿಗೆ ಶೀತಲ್ ಹೋಗ್ತಾಳ," ಅಂದ.

ಅಜ್ಜನದು ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ಅಡತಿ ಅಂಗಡಿ, ದಲಾಲಿ ವ್ಯಾಪಾರ. ಎರಡು ಲಾರಿ ಒಟ್ಟಿಗೆ ಬಂದು, ಯಾರ ಮಾಲು ಮೊದಲು ಇಳಿಯಬೇಕೆಂದು ಡ್ರೈವರುಗಳು ಕೊರಳಪಟ್ಟಿ ಹಿಡಿದರೆ ಅಜ್ಜ ಚೀಟಿ ಎತ್ತಿಸುತ್ತಿದ್ದ. ಮನೆಯಲ್ಲೂ ಅದೇ ಕಾನೂನು. ಇಬ್ಬರು ಮಕ್ಕಳು, ಇಬ್ಬರು ಸೊಸೆಯರಿದ್ದ ಮನೆ ಇಷ್ಟು ವರ್ಷ ಒಂದೇ ಒಲೆಯ ಮೇಲೆ ನಡೆದದ್ದು ಈ ಚೀಟಿಯ ಪುಣ್ಯದಿಂದ ಎಂದು ಅವನ ನಂಬಿಕೆ. ಬೆಲ್ಲದ ಲಾರಿಗೆ ಅದು ಸರಿ ಇರಬಹುದು. ಎರಡು ವರ್ಷ ಕೂತು ಕಲಿತ ಭಾಷೆಗೂ ಅದೇ ಕಾನೂನೇ? ಕೇಳುವವರು ಯಾರು!

ಕೇಳಿದವಳು ಶೈಲಾ ಒಬ್ಬಳೇ. "ಅಜ್ಜಾ, ಪರೀಕ್ಷಾದಾಗ ನನಗ ತೊಂಬತ್ತೊಂದು ಬಿದ್ದಾವ. ಅಕಿಗೆ ನಲವತ್ತೆಂಟು."

"ಅದನ್ನ ಹೇಳಾಕತ್ತೀನಿ ನಾನೂ," ಅಂದ ಅಜ್ಜ, ವಿಭೂತಿ ಹಚ್ಚಿಕೊಳ್ಳುತ್ತ. "ನೀ ಕಲ್ತು ಮುಗಿಸೀದಿ. ಕಲೀಬೇಕಾದಾಕಿ ಅಕಿ."

ಸ್ಪ್ಯಾನಿಶ್ ಕ್ಲಾಸಿಗೆ ಹೋಗಬೇಕೆಂದು ಊಟ ಬಿಟ್ಟು ಹಟ ಹಿಡಿದವಳು ಶೈಲಾ. ಅಂಥ ಭಾಷೆಯ ಗಾಳಿಯೂ ಆ ಮನೆಗೆ ಬೀಸಿರಲಿಲ್ಲ. ಶಾಲೆಯ ಗೋಡೆಯ ಮೇಲೆ ಒಂದು ಜಾಹೀರಾತು ನೋಡಿ ಅವಳ ತಲೆಗೆ ಹೊಕ್ಕಿತ್ತು. ಹರೆಯದ ಹುಡುಗಿ ಒಬ್ಬಳೇ ಬಸ್ಸಿನಲ್ಲಿ ಕ್ಲಾಸಿರುವ ಡೆಕ್ಕನ್ ಬಡಾವಣೆಗೆ ಹೋಗುವುದು ಬೇಡವೆಂದು ಚಿಕ್ಕಪ್ಪ ಶಿವಪ್ರಕಾಶನ ಮಗಳು ಶೀತಲ್‌ಳನ್ನು ಜೊತೆಗೆ ಅಂಟಿಸಿದರು. ಶೈಲಾಗಿಂತ ಒಂದು ವರ್ಷಕ್ಕೆ ಸಣ್ಣವಳು, ಹದಿನಾರು. ಹಿಂದಿನ ಬೆಂಚಿನಲ್ಲಿ ಕೂತು ವಹಿಯ ತುಂಬ ಮೆಹಂದಿ ಡಿಸೈನ್ ಬರೆಯುವುದು, ಕ್ಲಾಸು ಬಿಟ್ಟ ಮೇಲೆ ಗಾಡಿಯ ಮುಂದೆ ನಿಂತು ಮೊಟ್ಟೆಯ ಭುರ್ಜಿ ತಿನ್ನುವುದು, ಇಷ್ಟೇ ಅವಳ ಸ್ಪ್ಯಾನಿಶ್ ವಿದ್ಯಾಭ್ಯಾಸ. ಲಿಂಗವಂತರ ಮನೆಯ ಹುಡುಗಿ, ಮೊಟ್ಟೆ! ಅಜ್ಜಿ ರುದ್ರವ್ವನ ಕಿವಿಗೆ ಬಿದ್ದಿದ್ದರೆ ಕ್ಲಾಸೂ ಇಲ್ಲ, ಸ್ಪೇನೂ ಇಲ್ಲ. ಆದರೆ ಶೈಲಾ ಹೇಳುವ ಹಾಗಿರಲಿಲ್ಲ. ಆ ಪ್ಲೇಟಿನಲ್ಲಿ ಅವಳ ಕೈಯೂ ಆಡಿತ್ತು.

ಆ ವರ್ಷ, ಎರಡು ಸಾವಿರದ ಎರಡರ ಬೇಸಿಗೆಗೆಂದು, ಕ್ಲಾಸಿನ ಮಧುಕರ ಸರ್ ಒಂದು ವ್ಯವಸ್ಥೆ ಮಾಡಿದ್ದರು. ಇಲ್ಲಿಯ ಹುಡುಗಿ ಎಂಟು ವಾರ ಸಾಲಮಾಂಕಾ ಎಂಬ ಊರಿನ ಒಂದು ಮನೆಯಲ್ಲಿದ್ದು ಭಾಷೆ ಕಲಿಯುವುದು. ಡಿಸೆಂಬರಿನಲ್ಲಿ ಆ ಮನೆಯ ಹುಡುಗಿ ಇಲ್ಲಿಗೆ ಬಂದಿರುವುದು. ಹೀಗಾಗಿ ಮನೆಗೊಂದೇ ಜಾಗ. ಇಬ್ಬರಲ್ಲಿ ಯಾರನ್ನು ಕಳಿಸುತ್ತೀರೋ ನೀವೇ ನೋಡಿಕೊಳ್ಳಿ ಎಂದುಬಿಟ್ಟರು ಸರ್. ಮನೆಯವರು ನೋಡಿಕೊಂಡದ್ದು ಹೀಗೆ.

ಶೈಲಾಗೆ ಹೊಟ್ಟೆ ಉರಿಯಿತು. ಸಣ್ಣಗೆ ಅಲ್ಲ, ಧಗಧಗ ಉರಿಯಿತು. ಲಕ್ಷ್ಮೀ ರೋಡಿನಿಂದ ಶೀತಲ್‌ಳಿಗೆ ಕೆಂಪು ಸೂಟ್‌ಕೇಸ್ ಬಂತು; ಉರಿಯಿತು. ಅಜ್ಜಿ ಅವಳಿಗಾಗಿ ಕಡಕ್ ರೊಟ್ಟಿ ಬಡಿಯತೊಡಗಿದಳು. ಆ ರೊಟ್ಟಿಯ ಸಪ್ಪಳಕ್ಕೂ ಉರಿಯಿತು. ಎಲ್ಲಕ್ಕಿಂತ ಹೆಚ್ಚು ಉರಿದದ್ದು ದಿನಾ ಸಂಜೆ ಶೀತಲ್‌ಳನ್ನು ಕೂಡಿಸಿಕೊಂಡು, 'ನನ್ನ ಹೆಸರು ಶೀತಲ್, ನನಗೆ ನೀರು ಬೇಕು' ಎಂದು ಸ್ಪ್ಯಾನಿಶಿನಲ್ಲಿ ಹೇಳಿಕೊಡಬೇಕಾಗಿ ಬಂದಾಗ.

"ಅಕ್ಕಾ, ನನ್ನ ನಾಲಿಗಿ ಹೊಳ್ಳಂಗಿಲ್ಲ ನೋಡು," ಎಂದು ಶೀತಲ್ ನಗುತ್ತಿದ್ದಳು. "ಚೀಟಿ ನಿಂದು ಬರಬೇಕಾಗಿತ್ತು, ಖರೇನ. ನನ್ನ ಸೂಟ್‌ಕೇಸಿನ್ಯಾಗ ಕುಂತು ನೀನೂ ಬಂದುಬಿಡು."

ಅವಳು ಜಂಬ ಮಾಡಿದ್ದರೆ ಜಗಳವಾದರೂ ಆಡಬಹುದಿತ್ತು. ಹಾಳಾದವಳು, ಅದನ್ನೂ ಮಾಡಲಿಲ್ಲ.

ಮಾರ್ಚಿನ ಒಂದು ಭಾನುವಾರ ಶೀತಲ್ ತಂದೆತಾಯಿಯ ಜೊತೆ ನಿಗಡಿಯ ಸೋದರಮಾವನ ಮನೆಗೆ ಹೋಗಿದ್ದಳು. ಮಧ್ಯಾಹ್ನ ಫೋನು ಗಣಗಣಿಸಿತು. ಎತ್ತಿದರೆ ಆ ಕಡೆ ಒಬ್ಬ ಹೆಂಗಸು, ಸ್ಪ್ಯಾನಿಶಿನಲ್ಲಿ! ಸಾಲಮಾಂಕಾದ ಪಿಲಾರ್ ಅಂತೆ. ಶೀತಲ್ ಇರಬೇಕಾದ ಮನೆಯೊಡತಿ. ಹುಡುಗಿಯ ಬಗ್ಗೆ ನಾಲ್ಕು ಮಾತು ಕೇಳಬೇಕಿತ್ತು ಎಂದಳು.

ಶೈಲಾಳ ನಾಲಿಗೆ ತಡವರಿಸಲಿಲ್ಲ. ತಾನು ಶೀತಲ್‌ಳ ಅಕ್ಕ ಎಂದಳು. ಹೇಗಿದ್ದಾಳೆ ನಿಮ್ಮ ತಂಗಿ, ಏನು ತಿನ್ನುತ್ತಾಳೆ ಎಂದು ಆ ಹೆಂಗಸು ಕೇಳಿದ್ದೇ ತಡ, ಎರಡು ವರ್ಷದಿಂದ ಕೂಡಿಟ್ಟ ಸ್ಪ್ಯಾನಿಶ್ ಎಲ್ಲ ಹೊರಗೆ ಬಂತು. ಶೀತಲ್ ಭಾರಿ ಮಡಿಯ ಹುಡುಗಿ. ಮಾಂಸ ಬೇಯಿಸಿದ ಪಾತ್ರೆಯನ್ನು ಮುಟ್ಟುವುದಿಲ್ಲ, ಅಂಥ ಮನೆಯಲ್ಲಿ ನೀರು ಸಹ ಕುಡಿಯುವುದಿಲ್ಲ. ಬೆಳಿಗ್ಗೆ ಒಂದು ತಾಸು ಪೂಜೆ ಆಗದೆ ಮಾತಾಡುವುದಿಲ್ಲ. ಏನಾದರೂ ಹೆಚ್ಚುಕಡಿಮೆಯಾದರೆ ಅಳುತ್ತಾಳೆ, ಊಟ ಬಿಡುತ್ತಾಳೆ, ಹಾಸಿಗೆ ಹಿಡಿಯುತ್ತಾಳೆ. "ನೀವೇ ಯೋಚನೆ ಮಾಡಿ," ಎಂದು ಮೆತ್ತಗೆ ಸೇರಿಸಿದಳು. "ಬೇರೆಯವರನ್ನು ಕಳಿಸಿರಿ ಎಂದರೂ ನಾವು ಬೇಸರ ಮಾಡಿಕೊಳ್ಳುವುದಿಲ್ಲ."

ಗಂಡನೊಡನೆ ಮಾತಾಡಿ ತಿಳಿಸುತ್ತೇನೆ ಎಂದು ಪಿಲಾರ್ ಫೋನಿಟ್ಟಳು.

"ಯಾರದವ್ವ ಫೋನು?" ಎಂದು ಅಜ್ಜಿ ಒಳಗಿನಿಂದ ಕೇಳಿದಳು.

"ರಾಂಗ್ ನಂಬರ್," ಅಂದಳು ಶೈಲಾ.

ಮುಂದಿನ ಒಂಬತ್ತು ದಿನ ಫೋನು ಸದ್ದು ಮಾಡಿದಾಗೆಲ್ಲ ಅವಳೇ ಓಡಿ ಹೋಗಿ ಎತ್ತುತ್ತಿದ್ದಳು. ಅವರು ಬೇಡವೆಂದರೆ ಉಳಿಯುವ ಹೆಸರು ಒಂದೇ. ಸಾಲಮಾಂಕಾದಲ್ಲಿ ತಾನು ಯಾವ ಕಿಟಕಿಯಲ್ಲಿ ನಿಂತು ಯಾರಿಗೆ ಏನು ಹೇಳಬೇಕೆಂಬುದೂ ಅವಳ ಮನಸ್ಸಿನಲ್ಲಿ ತಯಾರಾಗಿತ್ತು. ಹತ್ತನೆಯ ದಿನ ಮಧುಕರ ಸರ್ ಕ್ಲಾಸಿನಲ್ಲಿ ಕಾಗದ ತೋರಿಸಿದರು: ಪಿಲಾರ್ ಮನೆಯವರು ಒಪ್ಪಿದ್ದಾರೆ, ವೀಸಾಕ್ಕೆ ಹಾಕಿರಿ. ಶೀತಲ್ ಎಲ್ಲರೆದುರು ಶೈಲಾಳನ್ನು ತಬ್ಬಿಕೊಂಡಳು. ಶೈಲಾ ಕಟ್ಟಿಗೆಯ ಹಾಗೆ ನಿಂತಳು.

ಏಪ್ರಿಲಿನ ಕೊನೆಯಲ್ಲಿ ಇಡೀ ಮನೆ ಸುಮೋದಲ್ಲಿ ತುಂಬಿಕೊಂಡು ಮುಂಬೈ ವಿಮಾನ ನಿಲ್ದಾಣಕ್ಕೆ ಹೋಯಿತು. ಶೈಲಾ ತಲೆನೋವೆಂದು ಮಲಗಿದಳು. ಮರಳುವಾಗ ಲೋಣಾವಳಾದಿಂದ ಅವಳಿಗೊಂದು ಚಿಕ್ಕಿ ಪೊಟ್ಟಣ ತಂದರು. ಮೂರು ದಿನ ಅದನ್ನು ಮುಟ್ಟಲಿಲ್ಲ. ನಾಲ್ಕನೆಯ ದಿನ ಬಾಗಿಲು ಹಾಕಿಕೊಂಡು ಪೂರ್ತಿ ತಿಂದು ಮುಗಿಸಿದಳು, ಅತ್ತುಕೊಂಡೇ.

ಪತ್ರ ಬಂದದ್ದು ಮೇ ಕೊನೆಯಲ್ಲಿ. ಪಿಲಾರಳ ಕೈಬರಹ, ಸ್ಪ್ಯಾನಿಶಿನಲ್ಲಿ ಎರಡು ಪುಟ. ಸಂಜೆ ಅಜ್ಜ ಯಾರ್ಡಿನಿಂದ ಬಂದು ಕೈಕಾಲು ತೊಳೆದು ಕೂತ ಮೇಲೆಯೇ ಓದಬೇಕೆಂದು ತೀರ್ಮಾನವಾಯಿತು. ಅಪ್ಪ, ಅವ್ವ, ಚಿಕ್ಕಪ್ಪ, ಚಿಗವ್ವ ಸುತ್ತ ಕೂತರು. ಅಜ್ಜಿ ಕಿವಿ ಮಂದವೆಂದು ಮುಂದಕ್ಕೇ ಸರಿದಳು. ಆ ಮನೆಯಲ್ಲಿ ಆ ಅಕ್ಷರ ಬಲ್ಲವಳು ಒಬ್ಬಳೇ.

"ಓದವ್ವ ಶೈಲಾ. ಇದ್ದದ್ದು ಇದ್ದಂಗ ಓದು," ಅಂದ ಅಜ್ಜ.

ಮೊದಲ ಸಾಲುಗಳಲ್ಲಿ ಊರಿನ ಹವೆ, ಶೀತಲ್‌ಳ ಆರೋಗ್ಯ. ಸಲೀಸಾಗಿ ಕನ್ನಡ ಮಾಡಿ ಹೇಳಿದಳು. ಮುಂದಿನ ಸಾಲಿಗೆ ಕಣ್ಣು ಹೋಯಿತು. 'ಶೀತಲ್‌ಳ ಅಕ್ಕ ಫೋನಿನಲ್ಲಿ ಹೇಳಿದ್ದನ್ನು ಕೇಳಿ ನಮಗೆ ಹೆದರಿಕೆಯಾಗಿತ್ತು' ಎಂದು ಶುರುವಾಗಿತ್ತು. ಹೇಳಿದ್ದೆಲ್ಲ ಒಂದನ್ನೂ ಬಿಡದೆ ಇತ್ತು: ಪಾತ್ರೆ, ನೀರು, ಪೂಜೆ, ಅಳು, ಬೇರೆಯವರನ್ನು ಕಳಿಸಿರಿ ಎಂಬ ಮಾತೂ.

ಹಾರಿಸಿಬಿಡಬಹುದಿತ್ತು. ಯಾರಿಗೆ ಗೊತ್ತಾಗುತ್ತಿತ್ತು? ಆದರೆ ಅದೇ ಪುಟದ ಕೊನೆಯಲ್ಲಿ ಇನ್ನೊಂದು ಸಾಲಿತ್ತು. 'ಆ ಅಕ್ಕ ಎಷ್ಟು ಚೆಂದ ಸ್ಪ್ಯಾನಿಶ್ ಮಾತಾಡುತ್ತಾಳೆ! ಹೊರದೇಶದ ಹುಡುಗಿಯೊಬ್ಬಳ ಬಾಯಲ್ಲಿ ಇಂಥ ಮಾತನ್ನು ನಾನು ಕೇಳಿರಲಿಲ್ಲ.' ಎರಡು ವರ್ಷದಿಂದ ಈ ಮನೆಯಲ್ಲಿ ಯಾರಾದರೂ ಒಂದು ಸಲ ಹೇಳಲಿ ಎಂದು ಕಾದಿದ್ದ ಮಾತು. ಮೇಲಿನದನ್ನು ಓದದೆ ಇದನ್ನು ಓದುವ ಹಾಗಿರಲಿಲ್ಲ. ಯಾವ ಫೋನು ಎಂದು ಕೇಳುತ್ತಾರಲ್ಲ.

ಆಸೆ ದೊಡ್ಡದು. ಶೈಲಾ ಓದಿದಳು, ಫೋನಿನ ಮಾತೊಂದನ್ನೂ ಬಿಡದೆ ಓದಿದಳು. 'ತಂಗಿಯ ಬಗ್ಗೆ ಇಷ್ಟು ಚಿಂತೆ ಮಾಡುವ ಅಕ್ಕನಿರುವ ಮನೆಯ ಹುಡುಗಿಯನ್ನು ಬೇಡವೆನ್ನಲು ನಮಗೆ ಮನಸ್ಸಾಗಲಿಲ್ಲ. ಅವಳ ಅಡಿಗೆಗೆಂದೇ ಹೊಸ ಪಾತೇಲಿಗಳನ್ನು ತಂದಿದ್ದೇವೆ. ಎಂಟು ವಾರ ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ. ಬೆಳಿಗ್ಗೆ ಅವಳ ಪೂಜೆಯ ಒಂದು ತಾಸು ನಾವೆಲ್ಲ ಸದ್ದಿಲ್ಲದೆ ಓಡಾಡುತ್ತೇವೆ.'

ಅಪ್ಪನ ಮುಖ ನೋಡಲು ಅವಳಿಗೆ ಧೈರ್ಯ ಬರಲಿಲ್ಲ. ಆದರೆ ಅಜ್ಜಿ ಎರಡೂ ಕೈಯಿಂದ ಅವಳ ಮುಖ ಸವರಿ ಲಟಕ್ಕನೆ ನೆಟಿಗೆ ಮುರಿದು ದೃಷ್ಟಿ ತೆಗೆದಳು.

"ಯವ್ವಾ ನನ್ನ ಬಂಗಾರಾ! ನಮಗ್ಯಾರಿಗೂ ಹೊಳೀಲಿಲ್ಲ ನೋಡ್ರಿ, ಈ ಹುಡುಗಿಗೆ ಹೊಳೀತು. ಸಮುದ್ರದಾಚೆನೂ ನಮ್ಮ ಮಡಿ ಉಳಿಸ್ಯಾಳ!"

ಚಿಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಡೆದಾಕಿ ನಾನು, ನನಗ ಬರಲಿಲ್ಲ ಈ ಬುದ್ಧಿ."

"ಅಲ್ಲ ಚಿಗವ್ವಾ." ಶೈಲಾಳ ದನಿ ಒಡೆಯಿತು. "ನಾ ಅದಕ್ಕ ಹೇಳಿದ್ದಲ್ಲ. ಅಕಿ ಹೋಗಬಾರದು ಅಂತ ಹೇಳೀನಿ. ಅವರು ಬ್ಯಾಡ ಅನ್ನಲಿ ಅಂತ."

"ಹೌದವ್ವ, ಕೂಡಿ ಬೆಳದ ತಂಗೀನ್ನ ಅಷ್ಟು ದೂರ ಕಳಸಾಕ ಯಾರಿಗೆ ಮನಸ್ಸು ಬರ್ತದ?" ಅಜ್ಜಿ ಅವಳ ಬೆನ್ನು ಸವರಿದಳು. "ಅಳಬ್ಯಾಡ. ಇನ್ನ ಮೂರು ವಾರಕ್ಕ ಬರ್ತಾಳ."

ಉಳಿದದ್ದು ಆ ಒಂದು ಸಾಲು. ಶೈಲಾ ಮೂಗೊರೆಸಿಕೊಂಡು, ದನಿ ಏರಿಸಿ, ಪ್ರತಿ ಶಬ್ದ ಬಿಡಿಸಿ ಓದಿದಳು: ಆ ಅಕ್ಕ ಎಷ್ಟು ಚೆಂದ ಸ್ಪ್ಯಾನಿಶ್ ಮಾತಾಡುತ್ತಾಳೆ. ಓದಿ ಅಜ್ಜನ ಕಡೆ ನೋಡಿದಳು. ಅಜ್ಜ ತಂಬಾಕಿನ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ. ಅಪ್ಪ ಚಿಕ್ಕಪ್ಪನಿಗೆ ನಾಳೆಯ ಲಾರಿಯ ಮಾತು ಶುರು ಮಾಡಿದ್ದ.

"ಅದಿರ್ಲಿ," ಅಂದಳು ಅಜ್ಜಿ. "ಆ ಹೊಸ ಪಾತೇಲಿ ಮಾತು ಇನ್ನೊಮ್ಮೆ ಓದು."

ಶೈಲಾ ಓದಿದಳು. ಓದಿ ಹಾಳೆ ತಿರುವಿದರೆ ಕೊನೆಯಲ್ಲಿ ಬೇರೆ ಮಸಿಯಲ್ಲಿ ನಾಲ್ಕು ಸಾಲು. ಶೀತಲ್‌ಳ ಅಕ್ಷರ. ಮನೆಯವರಿಗೆ ತಿಳಿಯದಿರಲೆಂದು ಅದನ್ನೂ ಸ್ಪ್ಯಾನಿಶಿನಲ್ಲೇ ಬರೆದಿದ್ದಳು. 'ಅಕ್ಕಾ, ಪಿಲಾರ್ ನನಗೆ ಎಲ್ಲ ಹೇಳಿದ್ದಾಳೆ. ಯಾಕೆ ಮಾಡಿದೆ ಅಂತ ನನಗೆ ಗೊತ್ತಾಯಿತು. ಮನೆಯಲ್ಲಿ ಹೇಳುವುದಿಲ್ಲ, ಹೆದರಬೇಡ. ಬಟಾಟೆ ತಿಂದು ತಿಂದು ಸಾಕಾಗಿದೆ, ಭುರ್ಜಿ ಕನಸಿನಲ್ಲಿ ಬರುತ್ತದೆ.'

ಅವಳು ಆ ನಾಲ್ಕು ಸಾಲನ್ನು ತಪ್ಪು ಹುಡುಕುತ್ತ ಓದಿದಳು. ಮತ್ತೊಮ್ಮೆ, ಅಕ್ಷರದ ಮೇಲೆ ಬೆರಳಿಟ್ಟು ಓದಿದಳು. ನೀರು ಕೇಳಲು ಬಾರದೆ ಹೋದ ಹುಡುಗಿ ಐದು ವಾರದಲ್ಲಿ ಬರೆದದ್ದರಲ್ಲಿ ಒಂದೂ ತಪ್ಪಿರಲಿಲ್ಲ.

"ಏನ್ ಬರದಾಳವ್ವ ನಮ್ಮ ಶೀತಲ್?" ಎಂದು ಚಿಗವ್ವ ಬಗ್ಗಿ ನೋಡಿದಳು.

"ಆರಾಮ ಅದೀನಿ ಅಂತ ಬರದಾಳ," ಅಂದಳು ಶೈಲಾ. ಅಷ್ಟರಲ್ಲಿ ಅಜ್ಜಿ ಕೆಳಗಿನ ಮನೆಯವರನ್ನೂ ಕೂಗಿ ಕರೆದಿದ್ದಳು. ಅವರು ಕೂಸನ್ನು ಎತ್ತಿಕೊಂಡು ಬಂದು ಕೂತ ಮೇಲೆ ಶೈಲಾ ಹಾಳೆ ಹಿಂದಕ್ಕೆ ತಿರುವಿ, ಹೊಸ ಪಾತೇಲಿಯ ಮಾತನ್ನು ಮೂರನೆಯ ಸಲ ಓದಿದಳು.