ಪರದೆ ಕುಗ್ಗಿದ ಮಧ್ಯಾಹ್ನ

ಹೊಸ ಸಾಫ್ಟ್‌ವೇರ್ ಹಾಕಿಕೊಳ್ಳಿ ಎಂದು ಎಕ್ಸ್‌ರೇ ಕೋಣೆಯ ಕಂಪ್ಯೂಟರು ವಾರದಿಂದ ಕಾಡುತ್ತಿತ್ತು. ಅವತ್ತು ರೋಗಿಗಳಿಲ್ಲದ ಹೊತ್ತು ನೋಡಿ ಟೆಕ್ನೀಷಿಯನ್ ಒಪ್ಪಿಗೆ ಒತ್ತಿಬಿಟ್ಟಳು. ಯಾರನ್ನೂ ಕೇಳಲಿಲ್ಲ. ಕಂಪ್ಯೂಟರು ಮತ್ತೆ ಚಾಲೂ ಆದಾಗ ಅಕ್ಷರಗಳೆಲ್ಲ ಊದಿಕೊಂಡಿದ್ದವು. ಚಿತ್ರವನ್ನು ಹಿಗ್ಗಿಸುವ ಗುಂಡಿಗಳು ಪರದೆಯ ಕೆಳ ಅಂಚಿನಾಚೆ ಎಲ್ಲೋ ಜಾರಿಹೋಗಿದ್ದವು. ರೆಸಲ್ಯೂಷನ್ ಬದಲಿಸೋಣವೆಂದರೆ ಪಟ್ಟಿಯಲ್ಲಿ ಉಳಿದದ್ದು ಒಂದೇ ಅಳತೆ, ಅದೂ ಎಲ್ಲಕ್ಕಿಂತ ಚಿಕ್ಕದು.

ಅಷ್ಟರಲ್ಲಿ ಮಗುವನ್ನು ಎದೆಗವಚಿಕೊಂಡು ಒಬ್ಬ ತಾಯಿ ಓಡಿಬಂದಳು.

"ಮೇಡಂ, ಸೇಫ್ಟಿ ಪಿನ್ನು ನುಂಗಿಬಿಟ್ಟಿದ್ದಾಳೆ!"

ಟೆಕ್ನೀಷಿಯನ್ ಮಗುವನ್ನು ಮೇಜಿನ ಮೇಲೆ ಮಲಗಿಸಿದಳು. ಹೇಗೋ ಎಕ್ಸ್‌ರೇ ತೆಗೆದಳು. ಆ ಚಿತ್ರ ಪಕ್ಕದ ಕೋಣೆಯ ಡಾಕ್ಟರ ಪರದೆಯಲ್ಲೂ ಕಾಣುತ್ತದೆ. ಕೂಡಲೇ ಅವರ ಫೋನು ಬಂತು.

"ಏನಮ್ಮ ಇದು, ಸೊಳ್ಳೆಪರದೆ ಒಳಗಿಂದ ನೋಡಿದ ಹಾಗಿದೆ! ಪಿನ್ನು ಇದೆ, ಸರಿ. ಮುಚ್ಕೊಂಡಿದ್ಯೋ ಬಿಚ್ಕೊಂಡಿದ್ಯೋ? ಮುಚ್ಕೊಂಡಿದ್ರೆ ಕಾಯಬಹುದು. ಬಿಚ್ಕೊಂಡಿದ್ರೆ ಕರುಳಿಗೆ ಚುಚ್ಚುತ್ತೆ, ಈಗಲೇ ದೊಡ್ಡಾಸ್ಪತ್ರೆಗೆ ಕಳಿಸ್ಬೇಕು. ಇರೋ ಒಂದು ಆಂಬ್ಯುಲೆನ್ಸು ಹೆರಿಗೆ ಕೇಸಿಗೆ ನಿಂತಿದೆ. ಬೇಗ ಸರಿಯಾಗಿ ತೋರ್ಸು."

"ಸರ್, ನಾನೇ... ಅಪ್‌ಗ್ರೇಡ್ ಮಾಡ್ಬಿಟ್ಟೆ."

"ಬೈಯೋಕೆ ಆಮೇಲೆ ಟೈಮಿದೆ. ಮೊದಲು ಸರಿಮಾಡು."

ಕಂಪ್ಯೂಟರ್ ರಿಪೇರಿಯವನಿಗೆ ಫೋನು ಮಾಡಿದಳು. ತೊದಲುತ್ತಲೇ ಎಲ್ಲ ಹೇಳಿದಳು.

"ಅಕ್ಕಾ, ಉಸಿರು ಬಿಡಿ ಮೊದಲು. ಅಪ್‌ಗ್ರೇಡ್ ಆದ್ಮೇಲೆ ಕಂಪ್ಯೂಟರು ಪರದೆನ ಹೊಸದಾಗಿ 'ನೀನ್ಯಾರು, ಎಷ್ಟು ದೊಡ್ಡೋನು' ಅಂತ ಕೇಳುತ್ತೆ. ಉತ್ತರ ಬರ್ಲಿಲ್ಲ ಅಂದ್ರೆ ಹೆದರಿ ಚಿಕ್ಕದನ್ನೇ ಕೊಡುತ್ತೆ, ಥೇಟ್ ನಿಮ್ಮ ಹಾಗೆ. ಕಂಪ್ಯೂಟರಿಗೂ ಪರದೆಗೂ ಮಧ್ಯ ಏನಾದ್ರೂ ಇದ್ಯಾ?"

"ಏನಿಲ್ಲಪ್ಪ, ಬರೀ ಕೇಬಲ್."

"ಕೇಬಲ್ ಹಿಡ್ಕೊಂಡೇ ಹೋಗಿ ನೋಡಿ."

ಮೇಜಿನ ಕೆಳಗೆ ತೆವಳಿ ಕೈಯಾಡಿಸಿದಳು. ಗೋಡೆಯ ಹತ್ತಿರ ಬೆರಳಿಗೆ ಒಂದು ಡಬ್ಬಿ ತಾಗಿತು. ಪರದೆಯ ಉತ್ತರ ಸಿಕ್ಕಿಬಿದ್ದದ್ದು ಇಲ್ಲೇ. ಡಾಕ್ಟರ ಮಂಡಿನೋವು ನೋಡಲಾರದೆ, ಅವರು ಏಳುವುದೇ ಬೇಡವೆಂದು, ಒಂದು ಚಿತ್ರವನ್ನು ಎರಡು ಪರದೆಗೆ ಹಂಚುವ ಆ ಡಬ್ಬಿಯನ್ನು ಅಲ್ಲಿ ಕಟ್ಟಿದವಳು ಅವಳೇ. ದಿನಾ ಅಲ್ಲೇ ಇದ್ದೂ ಇದ್ದು ಅದು ಅವಳ ಪಾಲಿಗೆ ಗೋಡೆಯೇ ಆಗಿಹೋಗಿತ್ತು.

ಕೀಳಲು ಕೈ ಏಳಲಿಲ್ಲ. ಈ ಮಸುಕು ಚಿತ್ರವೂ ಹೋಗಿಬಿಟ್ಟರೆ? ಹೊರಗೆ ಮಗು ಕೇಕೆ ಹಾಕಿತು. ಕಣ್ಣುಮುಚ್ಚಿ ಕಿತ್ತು, ಕಂಪ್ಯೂಟರಿನ ಕೇಬಲನ್ನು ನೇರವಾಗಿ ತನ್ನ ಪರದೆಗೆ ಸಿಕ್ಕಿಸಿದಳು.

ಪರದೆ ಕಪ್ಪಾಯಿತು. ಆಮೇಲೆ ಬೆಳಕು ಮೂಡಿತು. ಪಟ್ಟಿಯಲ್ಲಿ ಅಳತೆಗಳೆಲ್ಲ ಮರಳಿ ಬಂದಿದ್ದವು. ದೊಡ್ಡದನ್ನು ಆರಿಸಿದಳು. ಗುಂಡಿಗಳು ಮೇಲೆ ಬಂದವು.

"ನನ್ನ ಪರದೆ ಸತ್ತುಹೋಯ್ತಲ್ಲಮ್ಮಾ!" ಡಾಕ್ಟರು ಅಲ್ಲಿಂದಲೇ ಕೂಗಿದರು.

"ನೀವೇ ಇಲ್ಲಿಗೆ ಬನ್ನಿ ಸರ್!"

ಅವರು ಗೋಡೆ ಹಿಡಿದುಕೊಂಡು ಕುಂಟುತ್ತ ಬಂದರು. ಅವಳು ಚಿತ್ರ ಹಿಗ್ಗಿಸಿದಳು. ಪಿನ್ನಿನ ಚೂಪು ತುದಿ ಕೊಕ್ಕೆಯಿಂದ ಕಳಚಿಕೊಂಡು ದೂರ ಸರಿದು ನಿಂತಿತ್ತು.

"ಬಿಚ್ಕೊಂಡಿದೆ," ಎಂದರು ಡಾಕ್ಟರು. "ಗಾಡಿ ತೆಗಿಸು. ಹೆರಿಗೆಗೆ ಬೇರೆ ಗಾಡಿ ಕರೆಸ್ತೀನಿ."

"ನಗ್ತಿದ್ದಾಳಲ್ಲ ಡಾಕ್ಟ್ರೇ, ಏನಿಲ್ಲ ಅಲ್ವಾ?" ಎಂದಳು ಬಾಗಿಲಲ್ಲಿದ್ದ ತಾಯಿ. ಡಾಕ್ಟರು ಆಗಲೇ ದೊಡ್ಡಾಸ್ಪತ್ರೆಗೆ ಚೀಟಿ ಬರೆಯತೊಡಗಿದ್ದರು.

ಚಿತ್ರವನ್ನು ಸಿ.ಡಿ.ಗೆ ಹಾಕಿ, ತೆರೆಯುತ್ತದೋ ಇಲ್ಲವೋ ಎಂದು ಮತ್ತೆಮತ್ತೆ ನೋಡಿ, ಟೆಕ್ನೀಷಿಯನ್ ತಾಯಿ-ಮಗುವಿನ ಜೊತೆ ತಾನೂ ಗಾಡಿ ಹತ್ತಿದಳು. ಮಗು ಆ ಹೊಳೆಯುವ ಸಿ.ಡಿ.ಗೆ ಕೈಚಾಚಿತು. ಅವಳು ಸಿ.ಡಿ.ಯನ್ನು ಎದೆಗೊತ್ತಿಕೊಂಡಳು. ದೊಡ್ಡಾಸ್ಪತ್ರೆಯ ಕಂಪ್ಯೂಟರು ಇದನ್ನು ತೆರೆಯುತ್ತದೋ ಇಲ್ಲವೋ ಎಂದು ಕೇಳಲು ಗಾಡಿಯಲ್ಲಿ ಗೊತ್ತಿದ್ದವರು ಯಾರೂ ಇರಲಿಲ್ಲ.